ದಾರಿಗೊಂದು ಲಂಗ

ಸೂಜಿಗೆ ದಾರ ಪೋಣಿಸುವಾಗ ಮನುಷ್ಯ ಬಾಯಿ ಏಕೆ ತೆರೆಯುತ್ತಾನೆಂಬುದು ನನಗೆ ಇನ್ನೂ ಬಗೆಹರಿಯದ ಪ್ರಶ್ನೆ. ನೀವೂ ಗಮನಿಸಿರಬಹುದು: ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ಎಂಜಲು ಹಚ್ಚಿ ಚೂಪು ಮಾಡಿದ ದಾರದ ತುದಿ, ಒಂದು ಕಣ್ಣು ಮುಚ್ಚಿ ಇನ್ನೊಂದು ಕಿರಿದಾಗಿ, ಸಕಲ ಸಿದ್ಧತೆಯೂ ಮುಗಿದ ಗಳಿಗೆಯಲ್ಲಿ, ಈ ವ್ಯವಹಾರಕ್ಕೆ ಯಾವ ವಿಧದಲ್ಲೂ ಸಂಬಂಧಪಡದ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ, ಬಾಯಿ ತೆರೆಯುವುದನ್ನೇ ಜೀವನೋಪಾಯ ಮಾಡಿಕೊಂಡಿದ್ದ ನನಗೆ ಅದು ಸಹಜವೇ ಇದ್ದೀತು. ಆದರೆ ಅರವತ್ತಮೂರನೆಯ ವಯಸ್ಸಿನಲ್ಲಿ, ಮಂಡ್ಯದ ಒಂದು ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ, ಹೆಂಡತಿಯ ಲಂಗವನ್ನು ತೊಡೆಗೆ ಹರಡಿಕೊಂಡು ಬಾಯಿ ತೆರೆದು ಕೂತವನನ್ನು ನೀವು ನೋಡಿದ್ದರೆ, ಆ ಮನುಷ್ಯ ಒಂದು ಕಾಲದಲ್ಲಿ ಮಕ್ಕಳಿಗೆ ಛಂದಸ್ಸು ಕಲಿಸುತ್ತಿದ್ದನೆಂದು ನಂಬುತ್ತಿರಲಿಲ್ಲ.

ಹೆಂಡತಿಯ ಹೆಸರು ನಾಗರತ್ನ. ನಮ್ಮದು ಭಾರತೀನಗರ, ಹೊರಗಿನವರಿಗೆ ಮಾತ್ರ ಆ ಹೆಸರು, ನಮಗೆ ಅದು ಎಂದಿಗೂ ದೊಡ್ಡಿ. ಸಕ್ಕರೆ ಕಾರ್ಖಾನೆ ಅರೆಯುವ ತಿಂಗಳುಗಳಲ್ಲಿ ಕಾಕಂಬಿಯ ವಾಸನೆ ಹಾಸಿಗೆಯ ತನಕ ಬರುವ ಬೀದಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. ಅದರ ಮುಂದಿನ ಕೋಣೆಯಲ್ಲಿ ರತ್ನ ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದಳು. ನನ್ನ ಶಾಲೆಯ ಹುಡುಗಿಯರ ಸಮವಸ್ತ್ರ, ಅವರ ಮದುವೆಯ ರವಿಕೆ, ಆಮೇಲೆ ಅವರ ಮಕ್ಕಳ ಸಮವಸ್ತ್ರ, ಎಲ್ಲವೂ ಅವಳ ಕೈಯಿಂದಲೇ ಹೋದವು. ನಾನು ಊರಿನ ಮಕ್ಕಳ ತಲೆಗೆ ತುಂಬಿದ್ದೆಷ್ಟು ನಿಂತಿತೋ ತಿಳಿಯದು. ಅವಳು ಹಾಕಿದ ಗುಂಡಿಗಳಂತೂ ನಿಂತಿವೆ. ನಮಗೆ ಮಕ್ಕಳಿಲ್ಲ. ಇದ್ದದ್ದು ಸಕ್ಕರೆ ಕಾಯಿಲೆ. ಅದು ಅವಳಲ್ಲಿ ಮೊದಲು ಕಣ್ಣನ್ನು ಮಬ್ಬು ಮಾಡಿತು, ಆಮೇಲೆ ಮೂತ್ರಪಿಂಡಕ್ಕೆ ಇಳಿಯಿತು. ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಬದುಕಿ ಸಕ್ಕರೆಯಿಂದಲೇ ಕೆಡುವುದು ಎಂಥ ಪ್ರಾಸವೆಂದು ಒಮ್ಮೆ ಹೇಳಿದೆ. ಅವಳು ನಗಲಿಲ್ಲ.

ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಬೇಕು ಎಂದರು ಡಾಕ್ಟರು. ಸರದಿ ಸಿಕ್ಕಿದ್ದು ಮಂಡ್ಯದಲ್ಲಿ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ದೊಡ್ಡಿಯಲ್ಲಿ ಮಳವಳ್ಳಿ ಕಡೆಯಿಂದ ಬರುವ ಬಸ್ಸು ಹತ್ತುವುದು, ಮದ್ದೂರಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯುವುದು, ಮಂಡ್ಯದಲ್ಲಿ ಅವಳು ನಾಲ್ಕು ಗಂಟೆ ಮಂಚದ ಮೇಲೆ, ನಾನು ನಾಲ್ಕು ಗಂಟೆ ಬೆಂಚಿನ ಮೇಲೆ. ಮತ್ತೆ ಅದೇ ದಾರಿ ವಾಪಸು. ಕಾರಿನಲ್ಲಿ ಕೂತರೆ ಅವಳಿಗೆ ಹೊಟ್ಟೆ ತೊಳೆಸುತ್ತಿತ್ತು, ಆದ್ದರಿಂದ ಬಸ್ಸೇ ಗತಿ. ಮೂವತ್ತು ವರ್ಷ ಕೂತಲ್ಲಿಂದ ಏಳದೆ ದುಡಿದವಳು ಈಗ ದಾರಿಯ ಮೇಲೇ ಬದುಕುವಂತಾಯಿತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಎಡ ಮುಂಗೈಯಲ್ಲಿ ರಕ್ತನಾಳಗಳನ್ನು ಕೂಡಿಸಿ ಹೊಲಿಗೆ ಹಾಕಿದ್ದರು. ಆ ಗಾಯದ ಮೇಲೆ ಬೆರಳಾಡಿಸಿ, “ಡಾಕ್ಟ್ರ ಒಲಿಗೆ ಪರವಾಗಿಲ್ಲ. ಊರ್ಗೆಲ್ಲ ಒಲ್ದು ಕಳಿಸ್ದೆ, ಈಗ ನನ್ನ ರಕ್ತವ ಯಾರೋ ಒಗ್ದು ಕಳಿಸ್ತಾರೆ” ಎಂದಿದ್ದಳು.

ಆರು ತಿಂಗಳು ಹೀಗೆ ನಡೆಯಿತು. ಒಂದು ಮಂಗಳವಾರ ಮದ್ದೂರು ಬಸ್ ನಿಲ್ದಾಣದಲ್ಲಿ ಮಂಡ್ಯದ ಬಸ್ಸು ಹತ್ತುವಾಗ ಸೀರೆಯ ನೆರಿಗೆ ಅವಳದೇ ಕಾಲಿಗೆ ಸಿಕ್ಕಿತು. ಬಸ್ಸಿನ ಮೆಟ್ಟಿಲುಗಳ ಎತ್ತರವನ್ನು ನಿರ್ಧರಿಸುವವರು ಸೀರೆ ಉಟ್ಟು ಹತ್ತಿದವರಲ್ಲ ಎಂಬುದು ಸರ್ವವೇದ್ಯ. ಅವಳು ಮೊಣಕಾಲೂರಿ ಬಿದ್ದಳು. ಬೀಳುವಾಗಲೂ ಎಡಗೈಯನ್ನು ಮೇಲಕ್ಕೆತ್ತಿ ಕಾಪಾಡಿಕೊಂಡಳು. ಆದರೆ ಸೀರೆ ಸೊಂಟದಿಂದ ಬಿಚ್ಚಿ ನೆಲಕ್ಕೆ ಹರಡಿತು. ಹಿಂದಿದ್ದ ಹೆಂಗಸರಿಬ್ಬರು ಅಡ್ಡ ನಿಂತು ಸುತ್ತಿದರು. ಅವರಲ್ಲೊಬ್ಬಳು, “ಅಯ್ಯೋ, ನಮ್ ಟೈಲರಮ್ಮ ಅಲ್ವಾ!” ಎಂದು ಕೂಗಿಬಿಟ್ಟಳು. ಮೊಣಕಾಲಿನ ಗಾಯ ವಾರದಲ್ಲಿ ಮಾಯಿತು. ಆ ಕೂಗು ಮಾಯಲಿಲ್ಲ.

ಗುರುವಾರ ಬೆಳಿಗ್ಗೆ ನಾನು ಚೀಲ ಹಿಡಿದು ನಿಂತರೆ ಅವಳು ಮಂಚದಿಂದ ಏಳಲಿಲ್ಲ.

“ಇನ್ನು ಓಗಲ್ಲ. ಸಾಕು ಬುಡಿ” ಎಂದಳು.

ಹೋಗದಿದ್ದರೆ ಏನಾಗುವುದೆಂದು ಇಬ್ಬರಿಗೂ ಗೊತ್ತಿತ್ತು. ನಾನು ವಾದಿಸಿದೆ, ಬೇಡಿಕೊಂಡೆ, ಕೊನೆಗೆ ಮೇಷ್ಟರ ದನಿಯಲ್ಲಿ ಗದರಿದೆ. ಆ ದನಿಗೆ ಹೆದರಿದವರು ಎಂದೂ ಯಾರೂ ಇರಲಿಲ್ಲ. ಶನಿವಾರದ ಹೊತ್ತಿಗೆ ಅವಳ ಕಾಲು ಊದಿ ಕಂಬವಾಗಿತ್ತು. ಎರಡು ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು. ನೈಟಿ ತೊಟ್ಟು ಬಸ್ಸು ಹತ್ತಲು ಅವಳು ಒಲ್ಲಳು. ನೂರಾರು ನೈಟಿ ಹೊಲಿದವಳಿಗೆ ಅದು ಮನೆಯ ಹೊಸ್ತಿಲು ದಾಟಬಾರದ ವಸ್ತು. ಚೂಡಿದಾರದ ಕಾಲು ಊತಕ್ಕೆ ಹತ್ತದು. ಏನೂ ತೋಚದೆ, ಯೋಚಿಸದೆ, “ಬಸ್ಸಿಗೇ ಅಂತ ಒಂದು ಲಂಗ ಹೊಲಿದರೆ ಹೇಗೆ?” ಎಂದೆ.

“ಯಾರು ಒಲಿಯೋದು? ನಂಗೆ ಸೂಜಿನೇ ಕಾಣಲ್ಲ. ಇನ್ನೊಬ್ರ ಕೈಲಿ ಅಳತೆ ಕೊಟ್ಟು ನಾನು ಒಲಿಸ್ಕೊಳ್ಳಲ್ಲ.”

“ನಾನು ಹೊಲಿಯುತ್ತೇನೆ.”

ಆ ವಾರದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ. ನಕ್ಕು ಉಸಿರು ಸಿಕ್ಕದೆ ಗೋಡೆ ಹಿಡಿದುಕೊಂಡಳು. ಸುಧಾರಿಸಿಕೊಂಡ ಮೇಲೆ ನಿಧಾನವಾಗಿ ಹೇಳಿದಳು: “ಸರಿ. ನೀವು ಆ ಲಂಗ ಮುಗ್ಸಗಂಟ ಬತ್ತೀನಿ. ಮುಗುದ್ಮೇಲೆ ಬಾ ಅಂತ ಕೇಳ್ಬಾರ್ದು.”

“ಮುಗಿದ ಮೇಲೆ ಉಟ್ಟುಕೊಳ್ಳುವುದು ಬೇಡವೇ?”

“ಅದು ನನ್ನಿಷ್ಟ.”

ಒಪ್ಪಿದೆ. ಮುಳುಗುವವನು ಕರಾರಿನ ಪರಿಷ್ಕರಣೆಗೆ ಕೂರುವುದಿಲ್ಲ. ಅಂದು ಅವಳು ಗದ್ದೆಯಲ್ಲಿ ನಾಟಿ ಹಾಕುವವಳ ಹಾಗೆ ಸೀರೆ ಎತ್ತಿಕಟ್ಟಿ ನನ್ನ ಜೊತೆ ಹೊರಟಳು.

ಹೊಲಿಗೆ ಯಂತ್ರದ ಮುಂದೆ ನಾನು ಕೂತದ್ದು ಒಂದೇ ಸಂಜೆ. ಕಲಿಯದವನ ಪಾದಕ್ಕೆ ಆ ಯಂತ್ರ ಹಿಂದಕ್ಕೇ ತಿರುಗುತ್ತದೆಂದು, ತಿರುಗಿ ದಾರ ತುಂಡರಿಸುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಒಳಗಿನ ಕೋಣೆಯಿಂದಲೇ ಸದ್ದು ಕೇಳಿ, “ಹಿಂದಕ್ ತುಳೀತಿದೀರ ಕಣ್ರೀ, ಮಿಶನ್ನು ಅಳ್ತಾ ಅದೆ. ಎದ್ದೇಳಿ, ಕೈಲಿ ಒಲೀರಿ” ಎಂದು ಅಪ್ಪಣೆಯಾಯಿತು.

ಬಟ್ಟೆ ತರಲು ಮದ್ದೂರಿನ ಅಂಗಡಿಗೆ ಹೋದವನು, ನವಿಲು ಬಣ್ಣದ ಮಿರಮಿರ ಮಿಂಚುವುದೊಂದನ್ನು ಹೆಮ್ಮೆಯಿಂದ ತಂದೆ. ರತ್ನ ಬೆರಳಿನ ನಡುವೆ ಹೊಸಕಿ, “ಇದು ಕೊಡೆ ಬಟ್ಟೆ” ಎಂದು ಬದಿಗಿಟ್ಟಳು. ಎರಡನೆಯ ಸಲ ತಂದದ್ದು ದಪ್ಪ ಹತ್ತಿ, ಕಡುನೀಲಿ. ದಾರಿಯ ಧೂಳೂ ಕಾಣದು, ಆಸ್ಪತ್ರೆಯಲ್ಲಿ ಬೀಳುವ ಹನಿ ರಕ್ತವೂ ಕಾಣದು. ಅದನ್ನು ಮೊದಲು ನೆನೆಹಾಕಿಸಿದಳು. “ಕುಗ್ಗೋದು ಈಗ್ಲೇ ಕುಗ್ಲಿ. ಒಲ್ದ್ ಮೇಲೆ ಕುಗ್ಗಿದ್ರೆ ಯಾರ್ನ ಬಯ್ಯೋದು?”

ಅಳತೆ ತೆಗೆಯಬೇಕಾದ ದಿನ ಒಂದು ವಿಚಿತ್ರ ನನ್ನ ಅರಿವಿಗೆ ಬಂತು. ಊರಿನ ಹೆಂಗಸರನ್ನೆಲ್ಲ ಅಳೆದ ಆ ಟೇಪನ್ನು ಅವಳ ಸೊಂಟಕ್ಕೆ ಇನ್ನೊಬ್ಬರು ಸುತ್ತಿದ್ದು ಅದೇ ಮೊದಲು. ಮೂವತ್ತೆಂಟು ವರ್ಷ ಜೊತೆಗಿದ್ದ ನನಗೆ ಅವಳ ಯಾವ ಅಳತೆಯೂ ಗೊತ್ತಿರಲಿಲ್ಲ. ಸೊಂಟ ಊತದಿಂದ ಗಡುಸಾಗಿತ್ತು. “ಬಿಗ್ಯಾಗ್ ಹಿಡೀಬ್ಯಾಡಿ, ಉಸ್ರಾಡ್ಬೇಕು” ಎಂದಳು. ಆಮೇಲೆ ತಾನೇ ವಿವರಿಸಿದಳು: “ಇಲಾಸ್ಟಿಕ್ ಬ್ಯಾಡ, ಲಾಡಿ ಇರ್ಲಿ. ನಂಗೆ ಓಗೋವಾಗ ಒಂದು ಸೊಂಟ, ಬರೋವಾಗ ಒಂದು ಸೊಂಟ.” ನಿಜವೇ. ಎರಡು ದಿನ ಮೈಯಲ್ಲಿ ನಿಂತ ನೀರನ್ನು ಆಸ್ಪತ್ರೆಯ ಯಂತ್ರ ನಾಲ್ಕು ಗಂಟೆಯಲ್ಲಿ ತೆಗೆದುಬಿಡುತ್ತಿತ್ತು. ಬೆಳಿಗ್ಗೆ ಜೊತೆಗೆ ಹೋದವಳಿಗಿಂತ ಸಂಜೆ ಜೊತೆಗೆ ಬರುವವಳು ಬೇರೆ.

ಮಿಕ್ಕ ಷರತ್ತುಗಳೂ ಒಂದೊಂದಾಗಿ ಬಂದವು. ಉದ್ದ ಪಾದಕ್ಕಿಂತ ನಾಲ್ಕು ಬೆರಳು ಮೇಲೆ. ಮೆಟ್ಟಿಲಿಗೆ ಕಾಲೆತ್ತುವಷ್ಟು ಅಗಲ, ಬಾಗಿಲಿಗೆ ಸಿಕ್ಕದಷ್ಟು ಬಿಗಿ. ಎರಡು ಬದಿಗೂ ಆಳವಾದ ಜೇಬು. “ಇಸ್ಕೂಲ್ ಮಕ್ಳ ಅಂಗಿಗೆ ಎಷ್ಟ್ ಜೇಬು ಒಲ್ದಿದೀನೋ, ನಂಗೆ ಅಂತ ಒಂದೂ ಇಲ್ಲ” ಎಂದಳು, ದೂರಿನಂತಲ್ಲ, ಈಗ ಹೊಳೆದವಳಂತೆ.

ಹೀಗೆ ನನ್ನ ಬೆಂಚಿನ ವನವಾಸಕ್ಕೆ ಉದ್ಯೋಗ ದೊರೆಯಿತು. ಅವಳು ಹೇಳಿದಂತೆ ನಾನು ಕತ್ತರಿಸಿದ ಆರು ತುಂಡುಗಳನ್ನು ಉದ್ದಕ್ಕೆ ಕೂಡಿಸಬೇಕು. ಕೂಡಿಸುವುದೆಂದರೆ ಸಂಧಿ ತಾನೆ, ಅದನ್ನೇ ಅಲ್ಲವೇ ಇಷ್ಟು ವರ್ಷ ಹೇಳಿಕೊಟ್ಟದ್ದು ಎಂದು ಧೈರ್ಯವಾಗಿ ಶುರುಮಾಡಿದೆ. ನನ್ನ ಮೊದಲ ಹೊಲಿಗೆಗಳೆಲ್ಲ ಲೋಪಸಂಧಿ. ಎಳೆದರೆ ನಡುವೆ ಏನೋ ಬಿಟ್ಟುಹೋಗಿರುತ್ತಿತ್ತು. ಬೇಡದಲ್ಲಿ ಗಂಟು ಬಂದು ಕೂತರೆ ಆಗಮ. ಮನೆಗೆ ಹೋದ ಮೇಲೆ ನಡೆಯುತ್ತಿದ್ದುದು ಶುದ್ಧ ಆದೇಶ. ರತ್ನ ಮಂಚದ ಮೇಲೆ ಕಾಲು ಚಾಚಿ ಕೂತು ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು, ಹೊಲಿಗೆಯ ಗೆರೆಯ ಮೇಲೆ ತೋರುಬೆರಳು ಸರಿಸುವಳು. ಕಣ್ಣು ಎತ್ತಲೋ ಇರುತ್ತಿತ್ತು. ಬೆರಳು ಒಂದು ಕಡೆ ನಿಲ್ಲುವುದು.

“ಇದೇನು ಒಲಿಗೆನಾ, ಕೋಳಿ ಕೆದುಕಿದ್ದಾ? ಇಲ್ಲಿಂದ ಇಲ್ಲಿಗಂಟ ಬಿಚ್ಚಿ.”

ನಾನು ಬಿಚ್ಚುವೆ. ನೂರಾರು ಹುಡುಗರ ಕಾಪಿ ಪುಸ್ತಕಕ್ಕೆ ಕೆಂಪು ಗೆರೆ ಎಳೆದ ಪಾಪಕ್ಕೆ ಇದಕ್ಕಿಂತ ತಕ್ಕ ಪ್ರಾಯಶ್ಚಿತ್ತವನ್ನು ನಾನರಿಯೆ.

ಬೆಂಚಿನ ಮೇಲೆ ನನ್ನ ಪಕ್ಕದವರು ಶಮೀಮ್. ಮದ್ದೂರಿನವರು; ಅವರ ಗಂಡ ಲಾರಿ ರಿಪೇರಿ ಮಾಡುತ್ತಿದ್ದವರು, ಈಗ ರತ್ನಳ ಪಕ್ಕದ ಮಂಚದಲ್ಲಿ ಅಂಥದೇ ಯಂತ್ರಕ್ಕೆ ಕೈ ಕೊಟ್ಟು ಮಲಗುತ್ತಿದ್ದರು. ಮೊದಲೆರಡು ದಿನ ಆಕೆ ಸೆರಗಿನ ಮರೆಯಲ್ಲಿ ನಕ್ಕರು. ಮೂರನೆಯ ದಿನ ತಡೆಯಲಾರದೆ ಬಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು. “ಮೇಷ್ಟ್ರೇ, ಬರೀ ಮುಂದಕ್ಕೇ ಓಯ್ತಿದ್ರೆ ಬಿಟ್ಕಂಬುಡ್ತದೆ. ಒಂದ್ ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಹಿಂಗೆ.” ಹೊಲಿದು ತೋರಿಸಿ ಕೊಟ್ಟು, “ನಮ್ಮನೆಯೋರು ಒಂದ್ ವಾರದಿಂದ ಮಾತೇ ಆಡ್ತಿಲ್ಲ” ಎಂದರು. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹೊಲಿಯುತ್ತ ಕೂತೆ.

ಒಂದು ಭಾನುವಾರ ಮಳವಳ್ಳಿಯಿಂದ ರತ್ನಳ ತಂಗಿ ಸುಶೀಲ ಬಂದಳು. ನನ್ನ ಕೈಯಲ್ಲಿದ್ದುದನ್ನು ನೋಡಿ ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ಏನ್ ಭಾವ ಇದು, ಅಕ್ಕಂಗೆ ಈ ವಯಸ್ನಲ್ಲಿ ಲಂಗನಾ? ನಾಕ್ ಜನ ಏನಂದಾರು?”

ರತ್ನ ಗೋಡೆಗೊರಗಿದ್ದವಳು ಹೇಳಿದಳು: “ಆ ನಾಕ್ ಜನ ಮದ್ದೂರ್ ಬಸ್ಟಾಂಡಲ್ಲಿ ನಾನ್ ಬಿದ್ದಿದ್ದ ನೋಡವ್ರೆ ಸುಸೀಲ. ಇನ್ನೇನಂದಾರು, ಬುಡು.” ಸುಶೀಲ ಅಡುಗೆಮನೆಗೆ ಹೋಗಿ, ತುಂಬ ಹೊತ್ತು ಪಾತ್ರೆ ತೊಳೆದಳು.

ಐದನೆಯ ವಾರದ ಹೊತ್ತಿಗೆ ನನ್ನ ಕೈಗೆ ಹೊಲಿಗೆ ಹತ್ತಿತು. ನೀವು ನಂಬುವಿರೋ ಇಲ್ಲವೋ, ಒಂದು ಗುರುವಾರ ಪೂರ್ತಿ ಒಂದು ಬದಿ ನೇರವಾಗಿ, ಸಮವಾಗಿ, ಇರುವೆಯ ಸಾಲಿನಂತೆ ಬಂತು. ಶಮೀಮ್ ನೋಡಿ, “ಇನ್ನೆರಡು ದಿನದಲ್ಲಿ ಮುಗೀತದೆ ಬುಡಿ” ಎಂದರು. ಹಾಗೆಂದದ್ದೇ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟೆ. ಮುಗಿದರೆ? ಕರಾರು ನೆನಪಿತ್ತು. ಅಂದು ಸಂಜೆ ಯಾಕೋ ರತ್ನ ಆ ಬದಿಯನ್ನೂ ಬಿಚ್ಚಿಸಿದಳು; ಶನಿವಾರ ನಾನು ಬೇಕೆಂದೇ ಹೊಲಿಗೆ ಕೆಡಿಸಿದೆ. ಒಂದು ಉದ್ದ, ಒಂದು ಗಿಡ್ಡ, ನಡುವೆ ಒಂದು ಗಂಟು. ಮನೆಯಲ್ಲಿ ರತ್ನಳ ಬೆರಳು ನಿಂತಿತು. “ಬಿಚ್ಚಿ” ಎಂದಳು. ಎಂದೂ ಇಲ್ಲದ ಹರ್ಷದಿಂದ ಬಿಚ್ಚಿದೆ. ಹೀಗೆ ಮೂರು ವಾರ ನಡೆಯಿತು. ವಿದ್ಯಾರ್ಥಿ ಬೇಕೆಂದೇ ತಪ್ಪು ಬರೆಯುತ್ತಾನೆಂದು ನನ್ನ ವೃತ್ತಿಯಲ್ಲಿ ನಾನೆಂದೂ ಅನುಮಾನಿಸಿರಲಿಲ್ಲ. ಈಗ ಆ ಹುಡುಗರೆಲ್ಲರ ಮೇಲೂ ಗೌರವ ಹುಟ್ಟಿತು.

ಒಂದು ಸಂಜೆ ವಾಪಸು ಬರುವಾಗ ಬಸ್ಸು ಮದ್ದೂರಿನ ಎಳನೀರು ಮಾರುಕಟ್ಟೆಯ ಬಳಿ ನಿಂತಿತು. ಹಸಿರು ಬೆಟ್ಟದಂತೆ ರಾಶಿ ಬಿದ್ದಿತ್ತು. ರತ್ನಳಿಗೆ ಎಳನೀರು ನಿಷಿದ್ಧ. ದಿನಕ್ಕೆ ಕುಡಿಯುವ ನೀರನ್ನೂ ಲೋಟದಲ್ಲಿ ಅಳೆದು ಕೊಡುತ್ತಿದ್ದೆ. ಅವಳಿಗೆ ರಾಶಿ ಕಂಡಿರಲಾರದು, ವಾಸನೆ ಬಂದಿರಬೇಕು. ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಂಡು, ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು:

“ಎಷ್ಟ್ ದಿನ ಅಂತ ಕೆಡಿಸಿ ಒಲೀತೀರ?”

ನಾನು ತೊಡೆಯ ಮೇಲಿದ್ದ ಚೀಲದ ಬಾಯಿ ಎಳೆದು ಮುಚ್ಚಿದೆ.

“ಶಮೀಮ್ ಯೋಳುದ್ರು ಅನ್ಕಬ್ಯಾಡಿ. ನನ್ ಬೆರ್ಳಿಗೆ ಗೊತ್ತಾಗಲ್ವಾ? ಬರ್ದೇ ಇರೋನ್ ಒಲಿಗೆ ಬ್ಯಾರೆ, ಬಂದೂ ಕೆಡಿಸೋನ್ ಒಲಿಗೆ ಬ್ಯಾರೆ.”

“ಗೊತ್ತಿದ್ದೂ ಬಿಚ್ಚಿ ಅಂತಿದ್ದೆಯಲ್ಲ?”

“ಅದ್ಕೂ ಮುಂಚೆ ಆ ಗುರುವಾರ ಒಲ್ದಿದ್ರಲ್ಲ, ಅದು ಚೆಂದಾಗಿತ್ತು. ಅದ್ನೂ ಬಿಚ್ಚುಸ್ದೆ.” ಬಸ್ಸು ಹೊರಟಿತು. ಅವಳ ದನಿ ಆ ಸದ್ದಿನಲ್ಲಿ ಅರ್ಧ ಕೇಳಿತು. “ನಂಗೂ ಭಯ ಆಯ್ತದೆ ಕಣ್ರೀ.”

ಇಷ್ಟು ವರ್ಷ ಅವಳನ್ನು ಧೈರ್ಯಸ್ಥೆಯೆಂದು ಹೊಗಳಿದವನು ನಾನು. ಹೊಗಳಿಕೆಯೂ ಒಂದು ಬಗೆಯ ಸೋಮಾರಿತನ. ಧೈರ್ಯಸ್ಥರೆಂದು ಕರೆದುಬಿಟ್ಟರೆ ಅವರ ಭಯವನ್ನು ಕೇಳಿಸಿಕೊಳ್ಳುವ ಕೆಲಸ ತಪ್ಪುತ್ತದೆ. ದೊಡ್ಡಿ ಬರುವ ತನಕ ಕಬ್ಬು ಹೇರಿದ ಟ್ರಾಕ್ಟರುಗಳು ಎದುರಿಗೆ ಬರುತ್ತಿದ್ದವು. ಇಳಿಯುವಾಗ ಅವಳು, “ಮುಗ್ಸಿಬುಡಿ. ಚೆಂದಾಗಿ” ಎಂದಳು.

ಮುಗಿಸಿದೆ. ಸೋಮವಾರ ಸಂಜೆ ಅಂಚು ಮಡಿಚಿ ಹೊಲಿದು, ಲಾಡಿ ಏರಿಸಿ, ಇಸ್ತ್ರಿ ಮಾಡಿ ಅವಳ ಮಂಚದ ತಲೆದಿಂಬಿನ ಬಳಿ ಇಟ್ಟೆ. ಅವಳು ಬೆರಳಾಡಿಸಿದಳು, ಸುತ್ತಲೂ, ಒಂದೂ ಕಡೆ ನಿಲ್ಲಿಸದೆ. ಮಂಗಳವಾರ ಬೆಳಿಗ್ಗೆ ನಾನು ಚೀಲವನ್ನು ಮುಟ್ಟಲಿಲ್ಲ, ಕೇಳಬಾರದೆಂಬ ಮಾತಿತ್ತಲ್ಲ. ಜಗಲಿಯ ಮೇಲೆ ಪತ್ರಿಕೆ ಹಿಡಿದು ಕೂತೆ, ಒಂದು ಅಕ್ಷರ ಓದಲಿಲ್ಲ. ಬಸ್ಸಿನ ಹೊತ್ತಾಗುತ್ತಿತ್ತು. ಒಳಗೆ ಬಾಗಿಲು ಸದ್ದಾಯಿತು. ಕಡುನೀಲಿ ಲಂಗ, ಮೇಲೆ ಅವಳೇ ಎಂದೋ ಹೊಲಿದುಕೊಂಡಿದ್ದ ಉದ್ದ ತೋಳಿನ ರವಿಕೆ, ಹೆಗಲಿಗೆ ಶಾಲು ಹೊದ್ದು ರತ್ನ ಹೊಸ್ತಿಲಲ್ಲಿ ನಿಂತಿದ್ದಳು. ಎರಡೂ ಕೈ ಜೇಬಿನಲ್ಲಿದ್ದವು.

“ಏನ್ ಹಂಗ್ ನೋಡ್ತೀರ? ಬಸ್ ಓಯ್ತದೆ ನಡೀರಿ.”

ಅಂದು ಮದ್ದೂರಿನಲ್ಲಿ ಅವಳು ನನ್ನ ಕೈ ಹಿಡಿಯದೆ ಬಸ್ಸಿನ ಮೆಟ್ಟಿಲು ಹತ್ತಿದಳು. ಆಸ್ಪತ್ರೆಯಲ್ಲಿ ಶಮೀಮ್ ಸುತ್ತ ತಿರುಗಿಸಿ ನೋಡಿದರು. ಅವರ ಗಂಡ ಮಂಚದಿಂದ ತಲೆಯೆತ್ತಿ, “ಗಾಡಿ ಬಾಡಿ ಚೆನ್ನಾಗ್ ಕಟ್ಟವ್ರೆ ಮೇಷ್ಟ್ರು” ಎಂದರಂತೆ. ಬಹಳ ದಿನಗಳ ಮೇಲೆ ಆತ ಆಡಿದ ಮಾತು ಅದು.

ಇದರಿಂದ ರತ್ನ ಗುಣವಾದಳೆಂದು ನೀವು ತಿಳಿಯಬಾರದು. ಬಟ್ಟೆಗೆ ಆ ಶಕ್ತಿಯಿಲ್ಲ. ಕರಾರಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೂರು ತಿಂಗಳು ಬಂದಳು. ಯಂತ್ರದ ಮೇಲೆ ರಕ್ತದೊತ್ತಡ ಕುಸಿಯುವುದು ಹೆಚ್ಚಿತು, ಕಾಲಿನ ಮಾಂಸಖಂಡ ಸೆಳೆತ ಹಿಡಿದು ಕೂಗುವಳು, ವಾಪಸಿನ ಬಸ್ಸಿನಲ್ಲಿ ನನ್ನ ಭುಜದ ಮೇಲೆ ನಿದ್ದೆಹೋಗುವಳು. ಲಾಡಿಯ ಗಂಟು ವಾರವಾರವೂ ಒಳಸರಿಯಿತು. ಊತವೂ ಇಳಿಯಿತು, ಮೈಯೂ ಇಳಿಯಿತು. ಲಂಗವನ್ನು ಬುಧವಾರ, ಶುಕ್ರವಾರ, ಭಾನುವಾರ ನಾನೇ ಒಗೆದು ಒಣಹಾಕುತ್ತಿದ್ದೆ. ಬೀದಿಯವರು ಮೊದಮೊದಲು ನೋಡಿದರು, ಆಮೇಲೆ ಬಿಟ್ಟರು.

ಆಷಾಢದ ಒಂದು ಭಾನುವಾರ ಬೆಳಿಗ್ಗೆ ಕಾಫಿ ತಂದಾಗ, “ಆಮೇಲ್ ಕೊಡಿ” ಎಂದು ಮಗ್ಗುಲಾದಳು. ನಾನು ಲಂಗ ಒಗೆದು, ಹಿತ್ತಲಿನ ತಂತಿಗೆ ಹಾಕಿ, ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅವಳು ಇರಲಿಲ್ಲ.

ಸುಶೀಲ ಮಳವಳ್ಳಿಯಿಂದ ಮಧ್ಯಾಹ್ನದೊಳಗೆ ಬಂದಳು, ಕೈಯಲ್ಲಿ ಹಸಿರು ರೇಷ್ಮೆ ಸೀರೆ. ಬೀದಿಯ ಹೆಂಗಸರು ಮೈ ತೊಳೆಯಲು ನೀರು ಕಾಯಿಸುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ತಂತಿಯಿಂದ ಲಂಗ ತೆಗೆದುಕೊಂಡು ಬಂದೆ; ಸೊಂಟದ ಪಟ್ಟಿ ಇನ್ನೂ ತೇವವಾಗಿತ್ತು. ಸುಶೀಲಳ ಕೈಗೆ ಕೊಟ್ಟು, “ಅವಳಿಗೆ ಇದನ್ನು ಉಡಿಸು” ಎಂದೆ.

ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. “ಮುತ್ತೈದೆ ಓಯ್ತಾವ್ಳೆ ಭಾವ. ಲಂಗದಲ್ಲಿ ಕಳ್ಸುದ್ರೆ ಜನ ಸುಮ್ಕಿರ್ತಾರಾ? ಸೀರೆನೇ ಉಡುಸ್ಬೇಕು.”

ಸಂಪ್ರದಾಯದ ಕುರಿತು ನಾನು ಮಾಡಿದ ಭಾಷಣಗಳು ಒಂದೂ ನೆನಪಿಗೆ ಬರಲಿಲ್ಲ. ಆಗಲಿ ಎಂದು ತಲೆಯಾಡಿಸಿ ಹೊರಗೆ ಜಗಲಿಯ ಮೇಲೆ ಕೂತೆ. ಬಾಗಿಲು ಮುಚ್ಚಿತು. ಒಳಗೆ ನೀರು ಹುಯ್ಯುವ ಸದ್ದು, ಹೆಂಗಸರ ಪಿಸುಮಾತು, ಆಮೇಲೆ ತುಂಬ ಹೊತ್ತು ಏನೂ ಕೇಳಿಸಲಿಲ್ಲ. ಮಳವಳ್ಳಿ ಕಡೆಯ ಬಸ್ಸೊಂದು ಬೀದಿಯ ಕೊನೆಯಲ್ಲಿ ನಿಂತು, ಯಾರನ್ನೋ ಹತ್ತಿಸಿಕೊಂಡು ಹೋಯಿತು.

ಬಾಗಿಲು ತೆರೆದು ಸುಶೀಲ ಒಬ್ಬಳೇ ಹೊರಗೆ ಬಂದಳು. ನನ್ನ ಪಕ್ಕದಲ್ಲಿ ಕೂತು, ಯಾರಿಗೂ ಕೇಳಿಸದ ಹಾಗೆ ಹೇಳಿದಳು:

“ಒಳ್ಗಡೆ ಅದ್ನೇ ಉಡ್ಸಿದೀನಿ ಭಾವ. ಉದ್ದ ಸರ್ಯಾಗದೆ. ಸೀರೆ ಕೆಳ್ಗೆ ಎಲ್ಲೂ ಕಾಣ್ತಿಲ್ಲ.”